ಬಣ್ಣ ನಂಬಿ ತಂತಿ ಮುಟ್ಟಬೇಡಿ

"ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಅಷ್ಟೇ ತಾನೇ ಅಕ್ಕ?"

ಲಂಡನ್ನಿನ ಕನ್ನಡ ಮನೆಗಳಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹ್ಯಾರೋದಲ್ಲಿ, ಹೌನ್ಸ್ಲೋದಲ್ಲಿ, ಇಲ್ಫರ್ಡಿನಲ್ಲಿ, ಕ್ರಾಯ್ಡನ್ನಿನಲ್ಲಿ ಮನೆ ಕೊಂಡವರು ಗೃಹಪ್ರವೇಶಕ್ಕೆ ಮೊದಲು ಮಾಡುವ ಕೆಲಸಗಳಲ್ಲಿ ಇದೊಂದು. ಹಿಂದಿನವರು ಬಿಟ್ಟುಹೋದ ಮಾಸಲು ಪ್ಲಾಸ್ಟಿಕ್ ಹೋಲ್ಡರ್ ಇಳಿಸಿ, ಅಂಗಡಿಯಿಂದ ತಂದ ಚಂದದ ಲೈಟನ್ನು ತೂಗುಹಾಕುತ್ತಾರೆ. ಕೆಲಸ ಹತ್ತು ನಿಮಿಷದ್ದು ಎಂದು ಎಲ್ಲರೂ ಹೇಳುತ್ತಾರೆ. ಬಣ್ಣಕ್ಕೆ ಬಣ್ಣ ಸೇರಿಸು, ಸ್ವಿಚ್ ಒತ್ತು, ದೀಪ ಹತ್ತಿದರೆ ಮುಗಿಯಿತು ಎನ್ನುತ್ತಾರೆ. ಇಪ್ಪತ್ತು ವರ್ಷದಿಂದ ಈ ಊರಿನ ಮನೆಗಳ ವೈರಿಂಗ್ ಪರೀಕ್ಷಿಸಿ ವರದಿ ಬರೆಯುವ ಕೆಲಸ ನನ್ನದು. ಆ ಅನುಭವದ ಮೇಲೆ ಹೇಳುತ್ತೇನೆ: ಈ ನಂಬಿಕೆಯ ಎರಡು ಭಾಗಗಳೂ ತಪ್ಪು. ಬಣ್ಣ ಪ್ರಮಾಣವಲ್ಲ. ದೀಪ ಹತ್ತಿದ್ದೂ ಪ್ರಮಾಣವಲ್ಲ.

ದೀಪಾವಳಿಗೆ ಎರಡು ದಿನ ಮುಂಚೆ ಹ್ಯಾರೋದಿಂದ ಒಂದು ಫೋನ್ ಬಂತು. 1930ರ ದಶಕದ ಜೋಡಿ ಮನೆಗಳಲ್ಲಿ ಒಂದು ಅದು. ಆ ಬೀದಿಯ ಮನೆಗಳೆಲ್ಲ ಹಾಗೆಯೇ, ಎದುರು ದುಂಡು ಕಿಟಕಿ, ಒಳಗೆ ಕಡಿದಾದ ಮೆಟ್ಟಿಲು. ಹುಡುಗ ಸಾಫ್ಟ್‌ವೇರಿನವನು, ಹಾಸನದ ಕಡೆಯವನು. ಮಹಡಿಯ ಕೋಣೆಗೆ ಹಿತ್ತಾಳೆಯ ತೂಗುದೀಪ ಹಾಕಿದ್ದ. "ಅಕ್ಕ, ಸ್ವಿಚ್ ಆಫ್ ಇದ್ರೂ ಲೈಟ್ ಉರೀತಾನೇ ಇದೆ. ಆನ್ ಮಾಡಿದ್ರೆ ಢಬ್ ಅಂತ ಮೇಲಿನ ಲೈಟೆಲ್ಲ ಹೋಗುತ್ತೆ. ಈ ಲೈಟೇ ಡಿಫೆಕ್ಟು ಅನ್ಸುತ್ತೆ, ವಾಪಸ್ ಕೊಟ್ಬಿಡ್ಲಾ?"

ಲೈಟಿನಲ್ಲಿ ಏನೂ ದೋಷವಿರಲಿಲ್ಲ. ಅವನು ಹೇಳಿದ ಎರಡು ಲಕ್ಷಣ ಕೇಳಿದಾಗಲೇ ಸೂರಿನಲ್ಲಿ ಏನಾಗಿದೆ ಎಂದು ತಿಳಿಯಿತು. ಈ ಊರಿನಲ್ಲಿ ಲೈಟ್ ಬದಲಿಸಿದವರ ಮನೆಗಳಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು ಅದೇ. ಅದರ ಬೇರು ಅಜ್ಞಾನವಲ್ಲ, ಊರಿನಿಂದ ಹೊತ್ತು ತಂದ ಒಂದು ನೆನಪು.

ನಮ್ಮ ಕಡೆ ಮನೆ ಕಟ್ಟುವಾಗ ವೈರ್‌ಮನ್ ಫೇಸನ್ನು ಮೊದಲು ಸ್ವಿಚ್ ಬೋರ್ಡಿಗೆ ತರುತ್ತಾನೆ. ಅಲ್ಲಿಂದ ಪೈಪಿನೊಳಗೆ ಸ್ವಿಚ್ಚಿನ ತಂತಿ ಒಂದು, ನ್ಯೂಟ್ರಲ್ ಒಂದು ಸೂರಿಗೆ ಹೋಗುತ್ತವೆ. ಸೂರಿನಲ್ಲಿ ಕೈಗೆ ಸಿಗುವುದು ಆ ಎರಡೇ. ಎರಡಕ್ಕೆ ಎರಡು ಸೇರಿಸಿದರೆ ದೀಪ ಹತ್ತುತ್ತದೆ, ಸ್ವಿಚ್ ಒತ್ತಿದರೆ ಆರುತ್ತದೆ. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಸ್ಟೂಲು ಹತ್ತಿ ಈ ಕೆಲಸ ಮಾಡಿದ ಕೈಗೆ ಅದು ಅಭ್ಯಾಸವಾಗಿಬಿಟ್ಟಿದೆ. ಮೋಸ ಆಗುವುದಕ್ಕೆ ಇನ್ನೂ ಒಂದು ಕಾರಣವಿದೆ. ಇಲ್ಲಿನ ಸಾಮಾನು ನಮಗೆ ಪರಿಚಿತವಾಗಿ ಕಾಣುತ್ತದೆ. ಅದೇ 230 ವೋಲ್ಟ್, ಅದೇ 50 ಹರ್ಟ್ಸ್. ಒತ್ತಿ ತಿರುಗಿಸುವ ಅದೇ ಪಿನ್ ಹೋಲ್ಡರ್. ನಮ್ಮ ಮನೆಗಳ ದುಂಡು ಪಿನ್ನಿನ ಪ್ಲಗ್ಗು ಕೂಡ 1934ರ ಬ್ರಿಟಿಷ್ ಮಾನಕದ್ದೇ, ಇವರು ಅದನ್ನು ಬಿಟ್ಟು 1947ರಲ್ಲಿ ಚೌಕ ಪಿನ್ನಿಗೆ ಹೋದರು. ಎಲ್ಲ ನಮ್ಮದೇ ಅನ್ನಿಸುವ ಮನೆಯಲ್ಲಿ ಸೂರಿನೊಳಗಿನ ಜೋಡಣೆಯೂ ನಮ್ಮದೇ ಎಂದು ಊಹಿಸುವುದು ಸಹಜ.

ಆದರೆ ಹ್ಯಾರೋದ ಆ ಸೂರಿನ ತೂತಿನಿಂದ ಇಳಿದದ್ದು ಎರಡು ತಂತಿಯಲ್ಲ, ಮೂರು ಕೇಬಲ್. ಒಂದೊಂದರಲ್ಲೂ ಒಂದು ಕೆಂಪು, ಒಂದು ಕಪ್ಪು. ಒಂದು ಕೇಬಲ್ ಹಿಂದಿನ ಕೋಣೆಯಿಂದ ಕರೆಂಟ್ ತರುತ್ತದೆ. ಇನ್ನೊಂದು ಅದನ್ನು ಮುಂದಿನ ಕೋಣೆಗೆ ಒಯ್ಯುತ್ತದೆ. ಮೂರನೆಯದು ಗೋಡೆಯೊಳಗೆ ಇಳಿದು ಸ್ವಿಚ್ ಮುಟ್ಟಿ ಹಿಂತಿರುಗುತ್ತದೆ. ಇದಕ್ಕೆ ಇಲ್ಲಿನವರು ಲೂಪ್ ಇನ್ ಅನ್ನುತ್ತಾರೆ. ಮೂರೂ ಕೆಂಪು ಒಂದೇ ಗಂಟಿನಲ್ಲಿ ಸೇರುತ್ತವೆ, ಆ ಗಂಟು ಸದಾ ಲೈವ್. ಕರೆಂಟ್ ತರುವ, ಒಯ್ಯುವ ಎರಡು ಕೇಬಲ್ಲಿನ ಕಪ್ಪು ತಂತಿಗಳು ಸೇರಿ ನ್ಯೂಟ್ರಲ್ ಆಗುತ್ತವೆ. ಮೂರನೆಯ ಕಪ್ಪು ಮಾತ್ರ ಬೇರೆ. ಅದು ನ್ಯೂಟ್ರಲ್ ಅಲ್ಲವೇ ಅಲ್ಲ. ಸ್ವಿಚ್ ದಾಟಿ ಬಂದ ಲೈವ್ ಅದು. ದೀಪಕ್ಕೆ ಪ್ರಾಣ ಕೊಡುವುದು ಆ ಕಪ್ಪು ತಂತಿ.

ಈಗ ಬಣ್ಣಕ್ಕೆ ಬಣ್ಣ ಸೇರಿಸಿ ನೋಡಿ. ಕೆಂಪೆಲ್ಲ ದೀಪದ ಒಂದು ಕಡೆಗೆ, ಕಪ್ಪೆಲ್ಲ ಇನ್ನೊಂದು ಕಡೆಗೆ. ದೀಪಕ್ಕೆ ಲೈವ್ ನೇರವಾಗಿ ಸಿಕ್ಕಿತು, ಅದಕ್ಕೇ ಅದು ಆರುವುದಿಲ್ಲ. ಸ್ವಿಚ್ಚಿನ ಒಂದು ಕಾಲು ಲೈವಿನ ಮೇಲೆ, ಇನ್ನೊಂದು ಕಾಲು ನ್ಯೂಟ್ರಲ್ ಮೇಲೆ. ಸ್ವಿಚ್ ಒತ್ತುವುದೆಂದರೆ ಅವೆರಡನ್ನೂ ಸ್ವಂತ ಕೈಯಿಂದ ಶಾರ್ಟ್ ಮಾಡುವುದು. ಢಬ್ ಎಂದದ್ದು ಅದೇ. ಎಂಸಿಬಿ ಬಿದ್ದು ಮಹಡಿ ಕತ್ತಲಾಯಿತು. ಇನ್ನೊಂದು ಮನೆಯಲ್ಲಿ ಯಜಮಾನರು ತಮ್ಮ ದೀಪಕ್ಕೆ ಬೇಕಾದ ಎರಡು ತಂತಿಯನ್ನು ಮಾತ್ರ ಸೇರಿಸಿ, ಉಳಿದವಕ್ಕೆ ಟೇಪ್ ಸುತ್ತಿ ಒಳಗೆ ತುರುಕಿದ್ದರು. ಆ ಕೋಣೆಯ ದೀಪ ಚೆನ್ನಾಗಿಯೇ ಇತ್ತು. ಅಲ್ಲಿಂದ ಮುಂದಿನ ಮೂರು ಕೋಣೆಗಳಿಗೆ ಕರೆಂಟೇ ಇರಲಿಲ್ಲ.

ಹಳೆಯ ಸೀಲಿಂಗ್ ರೋಸಿನಲ್ಲಿ ಈ ಗಂಟುಗಳಿಗೆ ಬೇರೆ ಬೇರೆ ಜಾಗವಿರುತ್ತಿತ್ತು. ಜೋಡಣೆಯ ಜ್ಞಾನವೆಲ್ಲ ಆ ಪ್ಲಾಸ್ಟಿಕ್ ಬಿಲ್ಲೆಯಲ್ಲೇ ಇತ್ತು ಅನ್ನಬಹುದು. ಹೊಸ ಲೈಟು ತಂದವರು ಅದನ್ನು ಕಿತ್ತು ಬಿಸಾಡುತ್ತಾರೆ. ಪೆಟ್ಟಿಗೆಯಲ್ಲಿ ಬರುವ ಕನೆಕ್ಟರಿಗೆ ಮೂರೇ ತೂತು: ಲೈವ್, ನ್ಯೂಟ್ರಲ್, ಅರ್ತ್. ಮೂರು ಕೆಂಪಿನ ಗಂಟು ಎಲ್ಲಿ ಕೂರಬೇಕು? ಜೊತೆಗಿರುವ ಚೀಟಿಯ ಚಿತ್ರದಲ್ಲಿ ಸೂರಿನಿಂದ ಇಳಿಯುವುದೂ ಮೂರೇ ತಂತಿ. ಲಂಡನ್ನಿನ ಲಕ್ಷಾಂತರ ಸೂರುಗಳಲ್ಲಿ ಏನಿದೆ ಎಂದು ಗೊತ್ತಿದ್ದೂ ಹೀಗೆ ಚಿತ್ರ ಬರೆದು ಮಾರುವವರ ಮೇಲೆ ನನಗೆ ನಿಜವಾದ ಸಿಟ್ಟಿದೆ.

ಮೂರನೆಯ ಕಪ್ಪಿಗೆ ತೋಳು ತೊಡಿಸಬೇಕು, ಇದು ಲೈವ್ ಎಂದು ಗುರುತು ಹಾಕಬೇಕು ಎಂಬ ನಿಯಮವಿದೆ. ತೆರೆದು ನೋಡಿದ ಸೂರುಗಳಲ್ಲಿ ಆ ತೋಳು ಇರುವುದು ಅಪರೂಪ. ಕೆಲವು ಕಡೆ ಹಾಕಿಯೇ ಇಲ್ಲ, ಕೆಲವು ಕಡೆ ಜಾರಿ ಬಿದ್ದಿದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮಕ್ಕಳಿಗೆ ಹೇಳುವ ನಾವು ಕಪ್ಪಗಿರುವುದೆಲ್ಲ ನ್ಯೂಟ್ರಲ್ ಎಂದು ಯಾಕೆ ನಂಬಬೇಕು?

ಬಣ್ಣದ ಭಾಷೆಯಾದರೂ ಒಂದೇ ಆಗಿದ್ದರೆ ನಂಬಲು ಸ್ವಲ್ಪ ಆಧಾರವಿರುತ್ತಿತ್ತು. ಈ ದೇಶದಲ್ಲಿ ಬಾಗುವ ವೈರಿನ ಬಣ್ಣ 1970ರ ಹೊತ್ತಿಗೇ ಕಂದು, ನೀಲಿಗೆ ಬದಲಾಯಿತು. ಗೋಡೆಯೊಳಗಿನ ಕೇಬಲ್ ಮಾತ್ರ ಇನ್ನೂ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೆಂಪು, ಕಪ್ಪಾಗಿಯೇ ಉಳಿಯಿತು. 2004ರ ಮಾರ್ಚ್ 31ರಿಂದ ಅಲ್ಲಿಯೂ ಹೊಸ ಬಣ್ಣ ಬಳಸಬಹುದು ಎಂದರು. 2006ರ ಮಾರ್ಚ್ ಕಳೆದ ಮೇಲೆ ಬಳಸಲೇಬೇಕು ಎಂದರು. ಅದಕ್ಕೆ ಮುಂಚೆ ಮೂರು ಫೇಸಿನ ಜಾಗಗಳಲ್ಲಿ ನೀಲಿ ಎಂದರೆ ಒಂದು ಫೇಸ್, ಕಪ್ಪು ಎಂದರೆ ನ್ಯೂಟ್ರಲ್. ಈಗ ಕಪ್ಪು ಒಂದು ಫೇಸ್, ನೀಲಿ ನ್ಯೂಟ್ರಲ್. ಅದೇ ಎರಡು ಬಣ್ಣ ಪರಸ್ಪರ ವೇಷ ಬದಲಿಸಿಕೊಂಡಿವೆ. ಹಳೆಯ ಮನೆಗೆ ಹೊಸ ಕೋಣೆ ಸೇರಿಸಿದವರ ಫ್ಯೂಸ್ ಬಾಕ್ಸಿನ ಮೇಲೆ, ಇಲ್ಲಿ ಎರಡು ಕಾಲದ ಬಣ್ಣಗಳ ತಂತಿ ಇವೆ, ಕೆಲಸಕ್ಕೆ ಕೈ ಹಾಕುವ ಮುನ್ನ ಎಚ್ಚರ ಎಂಬ ಚೀಟಿ ಅಂಟಿಸುತ್ತಿದ್ದರು. ಬಣ್ಣ ಪ್ರಮಾಣವಲ್ಲ ಎಂದು ನಿಯಮ ಬರೆದವರೇ ಒಪ್ಪಿಕೊಂಡ ಪತ್ರ ಅದು. ಕೋಟು ತೂಗುಹಾಕುವ ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಆ ಚೀಟಿಯನ್ನು ಓದಿದವರು ಎಷ್ಟು ಜನ?

ಈ ಊರಿಗೆ ಇಂಥ ಗೊಂದಲವೇನೂ ಹೊಸದಲ್ಲ. 1918ರ ಸುಮಾರಿಗೆ ಲಂಡನ್ ಒಂದರಲ್ಲೇ 70 ವಿದ್ಯುತ್ ಸಂಸ್ಥೆಗಳು, 24 ಬಗೆಯ ವೋಲ್ಟೇಜು, 10 ಬಗೆಯ ಫ್ರೀಕ್ವೆನ್ಸಿ ಇದ್ದವು. ಬೀದಿ ಬದಲಿಸಿದರೆ ಬಲ್ಬೂ ಬದಲಿಸಬೇಕಿತ್ತು. ಅದನ್ನು ಒಂದು ಹದಕ್ಕೆ ತರಲು 1926ರ ಕಾನೂನು, ರಾಷ್ಟ್ರೀಯ ಗ್ರಿಡ್ಡು ಬೇಕಾದವು. ಬೀದಿಯ ಕರೆಂಟು ಒಂದಾಯಿತು, ಸೂರಿನೊಳಗಿನ ಪದರಗಳು ಹಾಗೇ ಉಳಿದವು. ಹ್ಯಾರೋದ ಒಂದು ಮನೆಯಲ್ಲಿ 1950ರ ದಶಕದ ಒಬ್ಬ, 1980ರ ದಶಕದ ಒಬ್ಬ, ಮೊನ್ನೆ ಮೊನ್ನೆ ಒಬ್ಬ ಕೈಯಾಡಿಸಿರುತ್ತಾರೆ. ಮೂವರೂ ಒಂದೇ ವ್ಯಾಕರಣ ಪಾಲಿಸಿದ್ದಾರೆ ಎನ್ನುವುದಕ್ಕೆ ಏನು ಆಧಾರ?

ಇದರ ಮೇಲೆ ಅಮೆರಿಕದ ವಿಡಿಯೋಗಳು ಬೇರೆ. ಅಲ್ಲಿ ಕಪ್ಪು ಲೈವ್, ಬಿಳಿ ನ್ಯೂಟ್ರಲ್. ನಾಲ್ಕು ವರ್ಷ ಡಲ್ಲಾಸಿನಲ್ಲಿದ್ದು ಇಲ್ಲಿಗೆ ಬಂದ ಒಬ್ಬರು ಅದೇ ಅಭ್ಯಾಸದಲ್ಲಿ ಇಲ್ಲಿನ ಮೂರು ಕಪ್ಪನ್ನೂ ಲೈವ್ ಎಂದು ಒಟ್ಟಿಗೆ ಕಟ್ಟಿದ್ದರು. ಎರಡು ಕೆಂಪನ್ನು ದೀಪದ ನ್ಯೂಟ್ರಲ್‌ಗೆ, ಸ್ವಿಚ್ಚಿನ ಕೆಂಪನ್ನು ದೀಪದ ಲೈವಿಗೆ ಕೊಟ್ಟಿದ್ದರು. ಏನಾಯಿತು? ದೀಪ ಹತ್ತಿತು. ಸ್ವಿಚ್ ಒತ್ತಿದರೆ ಆರಿತು. ಏನೂ ಢಬ್ ಎನ್ನಲಿಲ್ಲ. ಆದರೆ ಈಗ ಸ್ವಿಚ್ ಕತ್ತರಿಸುತ್ತಿದ್ದದ್ದು ನ್ಯೂಟ್ರಲನ್ನು. ಆರಿದ ದೀಪದ ಹೋಲ್ಡರಿನಲ್ಲಿ ಹಗಲೂ ರಾತ್ರಿ 230 ವೋಲ್ಟ್ ಕೂತಿತ್ತು. ಮಗಳು ಸ್ವಿಚ್ ಆಫ್ ಮಾಡಿ ಬಲ್ಬ್ ಬದಲಿಸಲು ಕುರ್ಚಿ ಹತ್ತಿದ್ದಳು ಎಂದು ಅವರ ಹೆಂಡತಿ ಹೇಳಿದಾಗ ನನ್ನ ಕೈ ತಣ್ಣಗಾಯಿತು.

ನನ್ನ ಮುಖ್ಯ ತಕರಾರು ಇಲ್ಲಿದೆ. ಢಬ್ ಎಂದ ಜೋಡಣೆ ತನ್ನ ತಪ್ಪನ್ನು ತಾನೇ ಹೇಳಿಕೊಳ್ಳುತ್ತದೆ. ಸುಮ್ಮನೆ ಹತ್ತಿದ ದೀಪ ಏನನ್ನೂ ಹೇಳುವುದಿಲ್ಲ. ದೀಪಕ್ಕೆ ಬೇಕಾದದ್ದು ಎರಡು ತಂತಿ. ನಮ್ಮ ಪ್ರಾಣಕ್ಕೆ ಬೇಕಾದದ್ದು ಮೂರನೆಯದು, ಅರ್ತಿಂಗ್. ಅದು ಇಲ್ಲದೆಯೂ ದೀಪ ಇಪ್ಪತ್ತು ವರ್ಷ ಬೆಳಗುತ್ತದೆ. ಲೈಟಿನ ಸರ್ಕ್ಯೂಟಿಗೂ ಅರ್ತ್ ತಂತಿ ಇರಲೇಬೇಕು ಎಂದು ಈ ದೇಶದ ವೈರಿಂಗ್ ನಿಯಮ ಹೇಳಿದ್ದು 1966ರಲ್ಲಿ. ಅದಕ್ಕೆ ಮುಂಚೆ ವೈರಿಂಗ್ ಆಗಿ ಮತ್ತೆ ಬದಲಿಸದ ಮನೆಗಳ ಸೂರಿನಲ್ಲಿ ಅರ್ತ್ ಇಲ್ಲವೇ ಇಲ್ಲ. ಪ್ಲಾಸ್ಟಿಕ್ ಹೋಲ್ಡರ್ ತೂಗುವವರೆಗೆ ಅದರಿಂದ ದೊಡ್ಡ ತೊಂದರೆಯಿರಲಿಲ್ಲ. ನಾವು ಬಂದು ಹಿತ್ತಾಳೆ ತೂಗುಹಾಕುತ್ತೇವೆ. ಒಳಗೆ ಒಂದು ತಂತಿಯ ಸಿಪ್ಪೆ ಸುಲಿದು ಲೋಹಕ್ಕೆ ತಗುಲಿದರೆ ಇಡೀ ದೀಪವೇ ಲೈವ್. ಹಳೆಯ ಬಿಸಿ ಬಲ್ಬುಗಳ ಕಾವಿಗೆ ಒಣಗಿದ ತಂತಿಯ ಹೊದಿಕೆ ಬಗ್ಗಿಸಿದರೆ ಸಾಕು, ಉದುರುತ್ತದೆ. ಲೈಟ್ ಬದಲಿಸುವವನು ಮಾಡುವುದು ಆ ಬಗ್ಗಿಸುವ ಕೆಲಸವನ್ನೇ.

ಹಬ್ಬದ ಮುನ್ನಾದಿನ ಹಿತ್ತಾಳೆಯನ್ನು ಒದ್ದೆ ಬಟ್ಟೆಯಿಂದ ಒರೆಸುವವರು ಯಾರು? ಮೈಸೂರಿನಿಂದ ಆರು ತಿಂಗಳಿಗೆ ಬಂದ ಅಮ್ಮ.

ಸೋರಿಕೆ ಕಂಡರೆ ಕರೆಂಟ್ ಕಡಿಯುವ ಆರ್‌ಸಿಡಿ ಇದೆಯಲ್ಲ ಎನ್ನುತ್ತಾರೆ. 2018ರ ನಿಯಮಾವಳಿಯ ಪ್ರಕಾರ ಮನೆಗೆ ಹೊಸದಾಗಿ ಹಾಕುವ ಲೈಟ್ ಸರ್ಕ್ಯೂಟಿಗೆ 30 ಮಿಲಿ ಆಂಪಿಯರಿನ ಆರ್‌ಸಿಡಿ ಬೇಕು, ಒಳ್ಳೆಯದೇ. ಆದರೆ ಅರ್ತ್ ಇಲ್ಲದ ಲೋಹ ಲೈವ್ ಆದರೆ ಸೋರಿಕೆಗೆ ದಾರಿಯೇ ಇರುವುದಿಲ್ಲ, ಹಾಗಾಗಿ ಆರ್‌ಸಿಡಿಗೆ ಏನೂ ತಿಳಿಯುವುದಿಲ್ಲ. ಯಾರೋ ಮುಟ್ಟಿ, ಅವರ ಮೈಯೇ ದಾರಿಯಾದಾಗ ಅದು ಬೀಳುತ್ತದೆ. ಅರ್ತ್ ಇದ್ದಿದ್ದರೆ ಯಾರೂ ಮುಟ್ಟುವ ಮೊದಲೇ ಬೀಳುತ್ತಿತ್ತು. ಹಾಗೆ ಅರ್ತ್ ಇಲ್ಲದ ಸೂರಿಗೆ ಚೌಕದೊಳಗೆ ಚೌಕದ ಗುರುತಿರುವ, ಅರ್ತ್ ಬೇಡದ ಲೈಟನ್ನೇ ಹಾಕಬೇಕು. ಇಲ್ಲವೇ ವೈರಿಂಗ್ ಬದಲಿಸಬೇಕು. ಮೂರನೆಯ ದಾರಿಯಿಲ್ಲ.

ಇನ್ನು ಟೆಸ್ಟರ್. ಊರಿನಿಂದ ಬರುವಾಗ ಸೂಟ್‌ಕೇಸಿನಲ್ಲಿ ಜಾಗ ಹಿಡಿಯುವ, ಹಿಡಿಯಲ್ಲಿ ಕೆಂಪು ದೀಪ ಮಿನುಗುವ ಆ ಸ್ಕ್ರೂಡ್ರೈವರನ್ನು ನಮ್ಮವರು ದೇವರ ಪ್ರಸಾದದಂತೆ ನಂಬುತ್ತಾರೆ. ಅದು ಮಿನುಗಲಿಲ್ಲ ಎಂದರೆ ಕರೆಂಟ್ ಇಲ್ಲ ಎಂದಲ್ಲ. ಬೆಳಕಿನಲ್ಲಿ ಕಾಣದೆ ಇರಬಹುದು, ಒಳಗಿನ ನಿಯಾನ್ ಹೋಗಿರಬಹುದು, ಒಣ ಮರದ ಏಣಿಯ ಮೇಲೆ ನಿಂತವರ ಮೈ ಸರಿಯಾದ ದಾರಿ ಕೊಡದೆ ಇರಬಹುದು. ಕರೆಂಟ್ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಎರಡು ಮೊನೆಯ ವೋಲ್ಟೇಜ್ ಟೆಸ್ಟರ್ ಬೇಕು. ಮೊದಲು ಲೈವ್ ಎಂದು ಗೊತ್ತಿರುವ ಕಡೆ ಅದು ಕೆಲಸ ಮಾಡುತ್ತದೆಯೇ ನೋಡಬೇಕು, ಆಮೇಲೆ ಸೂರಿನಲ್ಲಿ ನೋಡಬೇಕು, ಮತ್ತೆ ಮೊದಲಿನ ಕಡೆ ನೋಡಬೇಕು.

ಅಷ್ಟಾದರೂ ಲಂಡನ್ನಿನ ಮೆಟ್ಟಿಲು ಒಂದು ಬಲೆ ಒಡ್ಡಿರುತ್ತದೆ. ಮೆಟ್ಟಿಲ ದೀಪಕ್ಕೆ ಕೆಳಗೊಂದು, ಮೇಲೊಂದು ಟೂ ವೇ ಸ್ವಿಚ್. ಕೇಬಲ್ ಉಳಿಸಲು ಹಿಂದಿನವರು ಲೈವನ್ನು ಕೆಳಮಹಡಿಯ ಸರ್ಕ್ಯೂಟಿನಿಂದ, ನ್ಯೂಟ್ರಲನ್ನು ಮೇಲ್ಮಹಡಿಯದರಿಂದ ತೆಗೆದುಕೊಂಡಿರುತ್ತಾರೆ. ಇದಕ್ಕೆ ಎರವಲು ನ್ಯೂಟ್ರಲ್ ಎಂದು ಹೆಸರು. ಮೇಲಿನ ಎಂಸಿಬಿ ಇಳಿಸಿ, ಮೇಲಿನ ಕೋಣೆಯ ಸೂರು ಬಿಚ್ಚಿ, ಟೆಸ್ಟರ್ ಹಿಡಿದು ಕರೆಂಟ್ ಇಲ್ಲ ಎಂದು ನೋಡಿದಿರಿ. ನಿಜವಾಗಿಯೂ ಇಲ್ಲ. ಸೇರಿಕೊಂಡಿದ್ದ ಎರಡು ನ್ಯೂಟ್ರಲ್ ತಂತಿ ಬೇರ್ಪಡಿಸಿದಿರಿ. ಕೆಳಗೆ ಯಾರೋ ಮೆಟ್ಟಿಲ ದೀಪದ ಸ್ವಿಚ್ ಒತ್ತುತ್ತಾರೆ. ಕೆಳಗಿನ ಸರ್ಕ್ಯೂಟಿನ ಲೈವ್ ಆ ದೀಪದ ಮೂಲಕ ಹಾದು, ಹಿಂದಿರುಗುವ ದಾರಿ ಕಡಿದಿರುವುದರಿಂದ, ನಿಮ್ಮ ಬೆರಳಿನಲ್ಲಿರುವ ನ್ಯೂಟ್ರಲಿನ ತುದಿಗೆ ಬಂದು ನಿಲ್ಲುತ್ತದೆ. ನೀವು ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು, ಒಂದನ್ನು ಬಿಟ್ಟು: ಮನೆಯ ಮೇನ್ ಸ್ವಿಚ್ಚನ್ನೇ ಆಫ್ ಮಾಡಬೇಕಿತ್ತು.

ನನ್ನ ಜೊತೆ ವಾದಕ್ಕೆ ನಿಲ್ಲುವವರು ಮೂರು ಮಾತು ಎತ್ತುತ್ತಾರೆ. ಸರ್ಕಾರವೇ ಇದನ್ನು ಸಣ್ಣ ಕೆಲಸ ಎಂದಿದೆಯಲ್ಲ ಎನ್ನುವುದು ಮೊದಲನೆಯದು. ಮನೆಯ ವಿದ್ಯುತ್ ಸುರಕ್ಷತೆಯನ್ನು ಕಟ್ಟಡ ನಿಯಮಗಳಿಗೆ ಸೇರಿಸಿದ ಪಾರ್ಟ್ ಪಿ 2005ರ ಜನವರಿ 1ರಂದು ಜಾರಿಗೆ ಬಂತು. ಹಿಂದಿನ ವರ್ಷವಷ್ಟೇ ರಿಚ್ಮಂಡ್ ಪಾರ್ಕಿನ ಸಂಸದೆ ಜೆನ್ನಿ ಟಾಂಜ್ ಅವರ ಮಗಳು ತಮ್ಮ ಅಡಿಗೆಮನೆಯಲ್ಲಿ ಕರೆಂಟ್ ಹೊಡೆದು ತೀರಿಕೊಂಡಿದ್ದರು. ಗೋಡೆಯೊಳಗಿನ ಕೇಬಲ್ಲಿಗೆ ಒಂದು ಸ್ಕ್ರೂ ತಗುಲಿ ಲೋಹದ ಸ್ಟ್ಯಾಂಡ್ ಲೈವ್ ಆಗಿತ್ತು. 2013ರ ಏಪ್ರಿಲಿನಲ್ಲಿ ಇಂಗ್ಲೆಂಡಿನಲ್ಲಿ ಕೌನ್ಸಿಲಿಗೆ ತಿಳಿಸಲೇಬೇಕಾದ ಕೆಲಸಗಳ ಪಟ್ಟಿ ಚಿಕ್ಕದಾಯಿತು. ಇದ್ದ ಲೈಟಿನ ಜಾಗಕ್ಕೆ ಇನ್ನೊಂದು ಲೈಟು ಹಾಕುವುದನ್ನು ತಿಳಿಸಬೇಕಿಲ್ಲ. ಆದರೆ ಸಿಕ್ಕಿದ ವಿನಾಯಿತಿ ತಿಳಿಸುವುದರಿಂದ ಮಾತ್ರ. ಕೆಲಸ ಸುರಕ್ಷಿತವಾಗಿರಬೇಕು ಎನ್ನುವ ಹೊಣೆಯಿಂದ ಯಾರಿಗೂ ವಿನಾಯಿತಿಯಿಲ್ಲ.

ಎರಡನೆಯದು, ನಾವು ಇಂಜಿನಿಯರುಗಳು ಎನ್ನುವುದು. ನಾನೂ ಇಂಜಿನಿಯರೇ. ಸರ್ಕ್ಯೂಟಿನ ಚಿತ್ರ ಬರೆಯಲು ಬರುವುದು ಬೇರೆ, ಎಪ್ಪತ್ತು ವರ್ಷದ ಹಿಂದೆ ಒಬ್ಬ ಅಪರಿಚಿತ ಈ ಸೂರಿನಲ್ಲಿ ಏನು ಮಾಡಿದ ಎಂದು ತಿಳಿಯುವುದು ಬೇರೆ. ಎರಡನೆಯದು ಅಳೆದರೆ ಮಾತ್ರ ತಿಳಿಯುತ್ತದೆ.

ಮೂರನೆಯದು ಎಲೆಕ್ಟ್ರಿಷಿಯನ್ ಕರೆಸಿದರೆ ಸಿಕ್ಕಾಪಟ್ಟೆ ಕೇಳುತ್ತಾರೆ ಎನ್ನುವುದು. ಕೇಳುತ್ತಾರೆ, ನಿಜ. ಎಲ್ಲದಕ್ಕೂ ಅವರನ್ನೇ ಕರೆಯಿರಿ ಎಂದು ನಾನು ಹೇಳುತ್ತಿಲ್ಲ. ಮೇನ್ ಆಫ್ ಮಾಡಿ, ಬಿಚ್ಚುವ ಮೊದಲು ಎಲ್ಲ ಕೋನದಿಂದ ಫೋಟೋ ತೆಗೆದು, ಒಂದೊಂದು ಕೇಬಲ್ಲಿಗೂ ಚೀಟಿ ಕಟ್ಟಿ, ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ಮೀಟರ್ ಹಿಡಿದು ತಿಳಿಯುವ ತಾಳ್ಮೆ ಇರುವವರು ಕೈ ಹಾಕಲಿ. ಆ ತಾಳ್ಮೆಗೆ ಬಿಡುವಿಲ್ಲದವರು ಹಣ ಕೊಡಲಿ. ಕೊಟ್ಟಾಗ ಅರ್ತ್ ಪರೀಕ್ಷಿಸಿದಿರಾ ಎಂದು ಕೇಳಿ, ಬರೆದುಕೊಡಿ ಎನ್ನಲಿ. ದೀಪ ಹಚ್ಚಿ ತೋರಿಸಿ ಹೊರಡುವ ಎಲೆಕ್ಟ್ರಿಷಿಯನ್ನರೂ ಈ ಊರಿನಲ್ಲಿದ್ದಾರೆ. ಬಾಡಿಗೆಗೆ ಇರುವವರಿಗಂತೂ 2020ರ ನಿಯಮ ಹಕ್ಕನ್ನೇ ಕೊಟ್ಟಿದೆ. ಐದು ವರ್ಷಕ್ಕೊಮ್ಮೆಯಾದರೂ ವೈರಿಂಗ್ ಪರೀಕ್ಷೆ ಮಾಡಿಸಿ ಅದರ ಪ್ರತಿಯನ್ನು ಮಾಲೀಕ ಬಾಡಿಗೆದಾರರಿಗೆ ಕೊಡಬೇಕು. ಕೇಳಿ ಪಡೆದು, ಲೈಟ್ ಸರ್ಕ್ಯೂಟಿನ ಸಾಲಿನಲ್ಲಿ ಏನು ಬರೆದಿದೆ ಎಂದು ಓದಿ.

ಹ್ಯಾರೋದ ಹುಡುಗನಿಗೆ ಫೋನಿನಲ್ಲೇ ಮೇನ್ ಆಫ್ ಮಾಡಿಸಿ ಸಂಜೆ ಹೋದೆ. ಮೇಣದಬತ್ತಿ ಹಚ್ಚಿಟ್ಟಿದ್ದರು. ಏಣಿ ಹತ್ತಿ, ಕರೆಂಟ್ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೂರು ಕೇಬಲ್ಲಿನ ತುದಿಗಳನ್ನೂ ಬಿಡಿಸಿದೆ. ಮೀಟರನ್ನು ಒಂದೊಂದು ಕೇಬಲ್ಲಿನ ಕೆಂಪು ಕಪ್ಪಿಗೆ ಹಿಡಿದು, ಕೆಳಗೆ ನಿಂತ ಅವನಿಗೆ ಸ್ವಿಚ್ ಒತ್ತು, ಬಿಡು ಎಂದೆ. ಎರಡು ಕೇಬಲ್ ಸುಮ್ಮನಿದ್ದವು. ಮೂರನೆಯದು ಒತ್ತಿದಾಗ ಸದ್ದು ಮಾಡಿತು, ಬಿಟ್ಟಾಗ ನಿಲ್ಲಿಸಿತು. ಅದರ ಕಪ್ಪು ತಂತಿಗೆ ಕೆಂಪು ತೋಳು ತೊಡಿಸಿದೆ. ಅರ್ತ್ ಹುಡುಕಿದೆ, ಇರಲಿಲ್ಲ. ಮೆಟ್ಟಿಲ ದೀಪ ನೋಡಿದೆ, ಅಲ್ಲಿ ಎರವಲು ನ್ಯೂಟ್ರಲ್ ಇತ್ತು.

"ಹಾಗಾದ್ರೆ ಹಿತ್ತಾಳೆದು ಹಾಕೋದು ಬೇಡ್ವಾ ಅಕ್ಕ?" ಎಂದು ಅವನ ಹೆಂಡತಿ ಕೇಳಿದಳು. ಊರಿನಲ್ಲಿ ಅವಳ ಅಜ್ಜಿಮನೆಯ ನಡುಮನೆಯಲ್ಲಿ ಅಂಥದ್ದೇ ದೀಪವಿತ್ತಂತೆ. ವೈರಿಂಗ್ ಹೊಸದಾಗಿ ಮಾಡಿಸುವವರೆಗೆ ಬೇಡ ಎಂದೆ. ಅವಳು ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗೆ ಇಟ್ಟಳು. ಪ್ಲಾಸ್ಟಿಕ್ ಹೋಲ್ಡರ್ ಕಸದ ಚೀಲದಿಂದ ಮತ್ತೆ ಸೂರಿಗೆ ಏರಿತು. ಹೊರಡುವ ಮುನ್ನ ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ, ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಬರೆದೆ: ಲೈಟುಗಳಿಗೆ ಅರ್ತ್ ಇಲ್ಲ. ಮೆಟ್ಟಿಲ ದೀಪಕ್ಕೆ ಎರಡು ಸರ್ಕ್ಯೂಟು. ಮೇನ್ ಆಫ್ ಮಾಡದೆ ಮುಟ್ಟಬೇಡಿ.